ಪಿಸಿನಾ, ಪಿಎಸ್5 ಆ? ಶಿರಸಿಯ ಮಳೆ, ಕಾರವಾರದ ಉಪ್ಪುಗಾಳಿ ನೋಡಿ ಆರಿಸಿ

ಮೊನ್ನೆ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಪಿಯುಸಿ ಮುಗಿದಿದೆ, ಮನೆಯಲ್ಲಿ ಕೊನೆಗೂ ಒಪ್ಪಿದ್ದಾರೆ. "ಅಕ್ಕಾ, ಪಿಸಿ ತಗಳವಾ, ಪಿಎಸ್5 ತಗಳವಾ?" ಅಂತ ಕೇಳಿದ. ಪಿಎಸ್5 ಅಂದರೆ ಟಿವಿಗೆ ಜೋಡಿಸಿ ಆಡುವ ಸೋನಿಯ ಪ್ಲೇಸ್ಟೇಷನ್ 5. "ನಿಮ್ಮನೆಲಿ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗ್ತು?" ಅಂತ ನಾನು ತಿರುಗಿ ಕೇಳಿದೆ. ಅವನು ಯಾವುದೋ ಗ್ರಾಫಿಕ್ಸ್ ಕಾರ್ಡಿನ ಹೆಸರು ಬರುತ್ತೆ ಅಂತ ಕಾಯುತ್ತಿದ್ದ. ಆದರೆ ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಶುರುವಾಗುವುದೇ ಕರೆಂಟಿನಿಂದ. ಆಮೇಲೆ ತೇವ, ಆಮೇಲೆ ನೆಟ್ಟು. ಗ್ರಾಫಿಕ್ಸ್ ಅದರ ನಂತರ.

ನನಗೆ ಎರಡೂ ಕಡೆಯ ಅನುಭವ ಇದೆ. ತವರು ಮನೆ ಶಿರಸಿ ಹತ್ತಿರ, ಅಡಿಕೆ ತೋಟದ ಪಕ್ಕ. ಅಲ್ಲಿ ಮೆತ್ತಿನ (ಮಾಳಿಗೆಯ) ಮೇಲೆ ನಾನೂ ತಮ್ಮನೂ ಸೇರಿ ಜೋಡಿಸಿದ ಪಿಸಿ ಇದೆ. ಕೆಲಸಕ್ಕಾಗಿ ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಇಲ್ಲಿ ಪಿಎಸ್5 ಇದೆ. ಶನಿವಾರ ದೇವಿಮನೆ ಘಟ್ಟ ಹತ್ತಿದರೆ ಪಿಸಿ, ಭಾನುವಾರ ಸಂಜೆ ಇಳಿದರೆ ಪಿಎಸ್5. ಎರಡನ್ನೂ ಮಳೆಗಾಲದಿಂದ ಕಾಪಾಡಿಕೊಂಡು ಬಂದಿದ್ದೇನೆ. ಹೇಗೆ ಅಂತ ಹೇಳುತ್ತೇನೆ, ಆಮೇಲೆ ನಿಮ್ಮ ಮನೆಗೆ ಯಾವುದು ಸರಿ ಅಂತ ನೀವೇ ನೋಡಿಕೊಳ್ಳಿ.

ಮೊದಲು ಕರೆಂಟು

ಒಂದು ವಾರ ಸುಮ್ನೆ ಒಂದು ಚೀಟಿ ಇಟ್ಟುಕೊಳ್ಳಿ. ಕರೆಂಟು ಹೋದಾಗೆಲ್ಲ ಒಂದು ಗೀಟು ಹಾಕಿ. ಸಂಜೆ ಬಲ್ಬು ಮಂಕಾದರೆ ಅದಕ್ಕೊಂದು ಬೇರೆ ಗುರುತು ಹಾಕಿ. ಈ ಚೀಟಿ ಇಲ್ಲದೆ ಅಂಗಡಿಗೆ ಹೋಗಬೇಡಿ.

2022ರ ಮಳೆಗಾಲದಲ್ಲಿ ತಮ್ಮ ಎಲ್ಡನ್ ರಿಂಗ್ ಆಡುತ್ತಿದ್ದ. ರಾತ್ರಿ ಹನ್ನೊಂದಕ್ಕೆ ಫಟ್ ಅಂತ ಎಲ್ಲ ಕಪ್ಪಾಯಿತು. ಕೆಳಗಿಂದ ಆಯಿ, "ಕರೆಂಟ್ ಹೋತು, ಇನ್ನಾದ್ರೂ ಮಲ್ಗು" ಅಂತ ಕೂಗಿದಳು. ಬೆಳಿಗ್ಗೆ ಹಚ್ಚಿ ನೋಡಿದರೆ ಅವನು ಅರವತ್ತು ಗಂಟೆ ಆಡಿದ್ದ ಆಟ ಕಾಣಲೇ ಇಲ್ಲ. ಆಟ ತನ್ನನ್ನು ತಾನು ಸೇವ್ ಮಾಡಿಕೊಳ್ಳುತ್ತಿದ್ದ ಗಳಿಗೆಯಲ್ಲೇ ಕರೆಂಟು ಹೋಗಿತ್ತು, ಫೈಲು ಅರ್ಧಕ್ಕೆ ನಿಂತಿತ್ತು. ಪಾಪ, ಬೆಳಿಗ್ಗೆ ತೆಳ್ಳೇವು ಕೂಡ ಮುಟ್ಟಲಿಲ್ಲ ಅವನು. ನಾನು ಸೇವ್ ಫೈಲುಗಳ ಫೋಲ್ಡರ್ ತೆರೆದೆ. ಕೆಟ್ಟ ಫೈಲಿನ ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು ಫೈಲು ಇತ್ತು, ಹೆಸರಿನ ಕೊನೆಗೆ 'ಬ್ಯಾಕ್' ಅಂತ. ಆಟವೇ ಇಟ್ಟುಕೊಂಡಿದ್ದ ಹಿಂದಿನ ನಕಲು ಅದು. ಮೊದಲು ಇಡೀ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿದೆ. ಕೆಟ್ಟದ್ದನ್ನು ತೆಗೆದೆ, ನಕಲಿನ ಹೆಸರಿನಿಂದ 'ಬ್ಯಾಕ್' ಅಳಿಸಿದೆ. ಆಟ ತೆರೆಯಿತು. ಹೋಗಿದ್ದು ಕೊನೆಯ ಸ್ವಲ್ಪ ಮಾತ್ರ.

ಮಾರನೇ ವಾರವೇ ಯುಪಿಎಸ್ ಬಂತು. ಅಂಗಡಿಯವರು ವಿಎ ಲೆಕ್ಕ ಹೇಳುತ್ತಾರೆ. ನೀವು ವ್ಯಾಟ್ ಎಷ್ಟು ಅಂತ ಕೇಳಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ನಮ್ಮ ಪಿಸಿಯಲ್ಲಿ ಈಗ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇದೆ. ಅದು ಹೆಚ್ಚೆಂದರೆ 115 ವ್ಯಾಟ್ ಎಳೆಯುತ್ತದೆ. ಮಾನಿಟರ್ ಸೇರಿ ಎಲ್ಲ ಒಟ್ಟು 250ರ ಆಸುಪಾಸು. ಆದರೂ ನಾವು 1000 ವಿಎ ತಂದೆವು. ಯುಪಿಎಸ್ ಇರುವುದು ಕತ್ತಲಲ್ಲಿ ಆಡುವುದಕ್ಕಲ್ಲ. ಸೇವ್ ಮಾಡಿ, ನಿಧಾನಕ್ಕೆ ಆಫ್ ಮಾಡಲು ಐದು ನಿಮಿಷ ಸಿಕ್ಕರೆ ಅದರ ಕೆಲಸ ಆಯಿತು.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಇನ್ವರ್ಟರಿನ ಹಿಂದೆ ಅಥವಾ ಮುಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ನೋಡಿ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ ಅಂತ ಬರೆದಿರುತ್ತದೆ. ನಾರ್ಮಲ್‌ನಲ್ಲಿ ಕರೆಂಟು ಹೋಗಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಫ್ಯಾನು, ಲೈಟಿಗೆ ಏನೂ ಆಗುವುದಿಲ್ಲ, ಪಿಸಿ ಮಾತ್ರ ರಿಸ್ಟಾರ್ಟ್ ಆಗುತ್ತದೆ. ಯುಪಿಎಸ್ ಕಡೆ ಹಾಕಿದರೆ ಬೇಗ ಬದಲಾಗುತ್ತದೆ, ಪಿಸಿಯೂ ಪಿಎಸ್5 ಕೂಡ ತಡೆದುಕೊಳ್ಳುತ್ತವೆ. ಆದರೆ ಆ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗೆ ಬಂದರೆ ಇನ್ವರ್ಟರ್ ತಾನೇ ಬ್ಯಾಟರಿಗೆ ಹೋಗಿಬಿಡುತ್ತದೆ. ತೋಟದ ಪಂಪ್‌ಸೆಟ್ ಓಡುವ ಹೊತ್ತಲ್ಲಿ ನಮ್ಮಲ್ಲಿ ವೋಲ್ಟೇಜ್ ಬಿದ್ದೇ ಬೀಳುತ್ತದೆ. ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ. ಚೀಟಿಯಲ್ಲಿ ಮಂಕು ಬಲ್ಬಿನ ಗುರುತು ಜಾಸ್ತಿ ಇದ್ದರೆ ಪಿಸಿಗೆ ಬೇರೆ ಯುಪಿಎಸ್ಸೇ ಬೇಕು.

ಪಿಎಸ್5 ದೊಡ್ಡ ಆಟಗಳಲ್ಲಿ 200 ವ್ಯಾಟಿನ ಹತ್ತಿರ ಎಳೆಯುತ್ತದೆ. ಟಿವಿ ಸೇರಿಸಿ 300 ಅಂತ ಹಿಡಿಯಿರಿ. 150 ಎಎಚ್ ಬ್ಯಾಟರಿಯಲ್ಲಿ 12 ವೋಲ್ಟ್‌ಗೆ 1800 ವ್ಯಾಟ್-ಗಂಟೆ ಇರುತ್ತದೆ. ನಷ್ಟ ಕಳೆದು 1200 ಸಿಕ್ಕಿತು ಅಂದುಕೊಳ್ಳಿ. ನಾಲ್ಕು ಗಂಟೆ ಆಟ ಆಯಿತು, ಆಮೇಲೆ ರಾತ್ರಿಯಿಡೀ ಮನೆಮಂದಿಗೆ ಫ್ಯಾನಿಲ್ಲ. ಹಾಗೆ ಮಾಡಬೇಡಿ. ಇನ್ನೊಂದು ಮಾತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಿಎಸ್5 ಅನ್ನು ರೆಸ್ಟ್ ಮೋಡಿನಲ್ಲಿ ಬಿಟ್ಟು ಮಲಗಬೇಡಿ. ಪೂರ್ತಿ ಆಫ್ ಮಾಡಿ. ರೆಸ್ಟ್‌ನಲ್ಲಿದ್ದಾಗ ಕರೆಂಟು ಹೋದರೂ ಅದು ಸರಿಯಾಗಿ ಆಫ್ ಆಗದ ಹಾಗೇ ಲೆಕ್ಕ.

ಸೇವ್‌ಗಳ ನಕಲು ಆನ್‌ಲೈನಿನಲ್ಲೂ ಇರಲಿ. ಸ್ಟೀಮ್‌ನಲ್ಲಿ (ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ) ತುಂಬಾ ಆಟಗಳಿಗೆ ಕ್ಲೌಡ್ ಸೇವ್ ಪುಕ್ಕಟೆ. ಪಿಎಸ್5ನಲ್ಲಿ ಅದಕ್ಕೆ ಪಿಎಸ್ ಪ್ಲಸ್ ಚಂದಾ ಬೇಕು.

ಸಿಡಿಲಿಗೆ ಯುಪಿಎಸ್ಸೂ ಇಲ್ಲ, ಸ್ಪೈಕ್ ಗಾರ್ಡೂ ಇಲ್ಲ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಗುಡುಗು ಮಳೆಯಲ್ಲಿ ಪ್ಲಗ್ಗನ್ನು ಕೈಯಾರೆ ಕಿತ್ತಿಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ನೆಟ್ಟಿನ ಫೈಬರ್ ಗಾಜಿನದು, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ರೌಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದಲ್ಲ, ಸಿಡಿಲಿನ ಕರೆಂಟು ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಪಿಸಿಗೆ ಬರುತ್ತದೆ. ಎರಡನ್ನೂ ಕೀಳಿ.

ಪಿಸಿ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದಾ? ಹಾಗಾದರೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಹಂಚುವ ಪೆಟ್ಟಿಗೆ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟು ಲೋಹದ ಮೈಗೆ ಬರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಕೈಗೆ. ನಮ್ಮ ಹಳೇ ಮನೆಯಲ್ಲಿ ಹೀಗೇ ಇತ್ತು. ಮೂರು ಪಿನ್ನಿನ ಮೇಲಿನ ಪಿನ್ ಬರೀ ಹೆಸರಿಗೆ, ಹಿಂದೆ ತಂತಿಯೇ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಉಪ್ಪು, ಇದ್ದಿಲು ಹಾಕಿ ಹೊಸ ಗುಂಡಿ ಮಾಡಿದರು. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಪೂರ್ತಿ ಒಣಗುತ್ತದೆ. ಮಾರ್ಚ್ ನಂತರ ವಾರಕ್ಕೊಮ್ಮೆ ಆ ಗುಂಡಿಗೆ ಎರಡು ಕೊಡ ನೀರು ಹೊಯ್ಯಿರಿ.

ತೇವ ಮತ್ತು ಉಪ್ಪು

ಶಿರಸಿಯ ಶತ್ರು ಬೂಷ್ಟು, ಕಾರವಾರದ ಶತ್ರು ತುಕ್ಕು. ಎರಡಕ್ಕೂ ಮದ್ದು ಬೇರೆ.

ಒಂದು ವರ್ಷ ಆಗಸ್ಟ್‌ನಲ್ಲಿ ಮೂರು ವಾರ ಯಾರೂ ಪಿಸಿ ಹಚ್ಚಲಿಲ್ಲ. ಆಮೇಲೆ ಹಚ್ಚಿದರೆ ಫ್ಯಾನ್ ತಿರುಗುತ್ತದೆ, ಚಿತ್ರ ಬರುವುದಿಲ್ಲ. ತಮ್ಮ ಮದರ್‌ಬೋರ್ಡೇ ಹೋಯಿತು ಅಂದ. ನಾನು ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಮೆಮೊರಿಯ ರ‍್ಯಾಮ್ ಪಟ್ಟಿಯನ್ನು ಎಳೆದು ಬೆಳಕಿಗೆ ಹಿಡಿದೆ. ಅಂಚಿನ ಬಂಗಾರದ ಬಣ್ಣದ ಗೆರೆಗಳ ಮೇಲೆ ಮಸುಕು ಮಸುಕಾಗಿ ಒಂದು ಪೊರೆ ಇತ್ತು, ತೊಳೆಯದ ಹಿತ್ತಾಳೆ ದೀಪದ ಹಾಗೆ. ಪೆನ್ಸಿಲಿನ ಬಿಳಿ ರಬ್ಬರ್ ತಗೊಂಡು ಒಂದೇ ದಿಕ್ಕಿಗೆ, ಒಳಗಿಂದ ಅಂಚಿನ ಕಡೆಗೆ, ಮೆಲ್ಲಗೆ ಉಜ್ಜಿದೆ. ಎರಡೂ ಬದಿ. ರಬ್ಬರಿನ ಪುಡಿ ಊದದೆ ಒಣ ಬ್ರಷ್‌ನಿಂದ ಕೊಡವಿದೆ, ಊದಿದರೆ ಎಂಜಲು ಹಾರುತ್ತದೆ. ತಿರುಗಿ ಕೂರಿಸಿ ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿದೆ. ಚಿತ್ರ ಬಂತು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಪಿಸಿ ಸತ್ತಿದೆ ಅಂತ ಅನಿಸಿದಾಗ ಯಾರಿಗಾದರೂ ದುಡ್ಡು ಕೊಡುವ ಮೊದಲು ಇದನ್ನು ಮಾಡಿ.

ಅದಕ್ಕಿಂತ ಒಳ್ಳೆಯದು ದಿನಾ ಅರ್ಧ ಗಂಟೆ ಹಚ್ಚುವುದು. ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಆಡದಿದ್ದರೂ ಪರವಾಗಿಲ್ಲ, ಹಾಡು ಹಚ್ಚಿಡಿ. ಓಡುವ ಪಿಸಿಯೊಳಗೆ ಸಿಲಿಕಾ ಜೆಲ್ ಇಡುವುದರಿಂದ ಏನೂ ಉಪಯೋಗವಿಲ್ಲ, ಫ್ಯಾನು ಹೊಸ ಗಾಳಿ ಎಳೆಯುತ್ತಲೇ ಇರುತ್ತದೆ. ಅದು ಬೇಕಾಗಿರುವುದು ಮುಚ್ಚಿದ ಡಬ್ಬಿಗೆ. ಕಂಟ್ರೋಲರ್, ಹೆಡ್‌ಫೋನ್, ಡಿಸ್ಕ್‌ಗಳನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಜೊತೆಗೆ ಜೆಲ್ ಇಡಿ. ನೀಲಿ ಕಾಳು ಗುಲಾಬಿ ಆದರೆ ನೀರು ಕುಡಿದಿದೆ ಅಂತ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಹೆಡ್‌ಫೋನಿನ ಮೆತ್ತೆಗೆ ಎಲ್ಲಕ್ಕಿಂತ ಮೊದಲು ಬೂಷ್ಟು ಹಿಡಿಯುತ್ತದೆ, ಅದನ್ನು ಮರೆಯಬೇಡಿ. ಹಲ್ಲಿ, ಇರುವೆಗಳಿಗೆ ಬೆಚ್ಚಗಿನ ಜಾಗ ಬಹಳ ಇಷ್ಟ. ಕ್ಯಾಬಿನೆಟ್ ಹಿಂದಿನ ಖಾಲಿ ಸಂದುಗಳಿಗೆ ಪಟ್ಟಿ ಹಾಕಿ ಮುಚ್ಚಿ.

ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆಯಿಂದ ಗಾಳಿ ನೇರ ಮನೆಯೊಳಗೆ ಬರುತ್ತದೆ. ಕಿಟಕಿ ಸರಳಿನ ಮೇಲೆ ಬೆರಳು ಎಳೆದು ನಾಲಿಗೆಗೆ ತಾಗಿಸಿದರೆ ಉಪ್ಪು. ಅದೇ ಗಾಳಿಯನ್ನು ಪಿಎಸ್5ನ ಫ್ಯಾನು ಗಂಟೆಗಟ್ಟಲೆ ಒಳಗೆಳೆಯುತ್ತದೆ. ಮೊದಲ ವರ್ಷ ನಾನು ಅದನ್ನು ಕಿಟಕಿ ಪಕ್ಕ ಇಟ್ಟಿದ್ದೆ. ಹಿಂದಿನ ಯುಎಸ್‌ಬಿ ಪೋರ್ಟಿನ ಲೋಹದ ಅಂಚಿಗೆ ಕಂದು ಚುಕ್ಕೆಗಳು ಬಂದವು. ಈಗ ಒಳಗಿನ ಗೋಡೆಗೆ ಇಟ್ಟಿದ್ದೇನೆ, ಆಡುವಾಗ ಸಮುದ್ರದ ಕಡೆಯ ಕಿಟಕಿ ಹಾಕುತ್ತೇನೆ. ಬಳಸದ ಪೋರ್ಟ್‌ಗಳಿಗೆ ರಬ್ಬರ್ ಬಿರಡೆ ಹಾಕಿದ್ದೇನೆ. ಆಫ್ ಮಾಡಿ ತಣ್ಣಗಾದ ಮೇಲೆ ಹತ್ತಿ ಬಟ್ಟೆ ಹೊದಿಸುತ್ತೇನೆ, ಆನ್ ಮಾಡುವ ಮೊದಲು ತೆಗೆಯುತ್ತೇನೆ. ಎರಡು ತಿಂಗಳಿಗೊಮ್ಮೆ ಪಕ್ಕದ ಬಿಳಿ ಹಲಗೆ ಬಿಚ್ಚಿ, ಧೂಳು ಹಿಡಿಯಲೆಂದೇ ಕೊಟ್ಟಿರುವ ಎರಡು ತೂತುಗಳಿಗೆ ವ್ಯಾಕ್ಯೂಮ್ ಹಿಡಿಯುತ್ತೇನೆ. ಹಲಗೆ ಬಿಚ್ಚಲು ಸ್ಕ್ರೂ ಡ್ರೈವರ್ ಬೇಡ.

ಈ ವಿಷಯದಲ್ಲಿ ಪಿಸಿಗೆ ಒಂದು ದೊಡ್ಡ ಅನುಕೂಲ ಇದೆ. ಎಸ್‌ಎಂಪಿಎಸ್ ಹೋದರೆ ಎಸ್‌ಎಂಪಿಎಸ್ ಮಾತ್ರ ಬದಲಿಸಬಹುದು. ಶಿರಸಿ ಪೇಟೆಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಯಿಂದ ತರಿಸಬಹುದು. ಪಿಎಸ್5 ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಊರಾಚೆ ಕಳಿಸಬೇಕು. ಅದಕ್ಕೇ ಅದರ ರಟ್ಟಿನ ಡಬ್ಬಿ, ಥರ್ಮೋಕೋಲ್ ಎಸೆಯಬೇಡಿ.

ನೆಟ್ಟು

ಆಟಗಳು ಈಗ ಭಾರ. ಬ್ಲ್ಯಾಕ್ ಮಿಥ್: ವುಕಾಂಗ್ ಪಿಸಿಯಲ್ಲಿ 130 ಜಿಬಿ ಜಾಗ ಕೇಳುತ್ತದೆ, ಬಾಲ್ಡರ್ಸ್ ಗೇಟ್ 3 ಅಂತೂ 150. ನಾನು ಒಂದು ಸುಲಭದ ಲೆಕ್ಕ ಇಟ್ಟುಕೊಂಡಿದ್ದೇನೆ. ನಿಮ್ಮ ನೆಟ್ಟಿನ ವೇಗದ ಎಂಬಿಪಿಎಸ್‌ನ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಎಷ್ಟೋ, ಅಷ್ಟು ಜಿಬಿ ಒಂದು ಗಂಟೆಗೆ ಇಳಿಯುತ್ತದೆ. 40 ಎಂಬಿಪಿಎಸ್‌ಗೆ ಗಂಟೆಗೆ 18 ಜಿಬಿ. ಅಂದರೆ ವುಕಾಂಗ್‌ಗೆ ಏಳು ಗಂಟೆಗೂ ಜಾಸ್ತಿ, ಅದೂ ನಡುವೆ ಕರೆಂಟು ಹೋಗದಿದ್ದರೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ 5 ಎಂಬಿಪಿಎಸ್ ಬಂದರೆ ಎರಡು ದಿನಕ್ಕೂ ಮುಗಿಯದು.

ಫೈಬರ್ ಬರದ ಹಳ್ಳಿ ನಿಮ್ಮದಾದರೆ ಡಿಸ್ಕ್ ಡ್ರೈವ್ ಇರುವ ಪಿಎಸ್5 ನೋಡಿ. ಡಿಸ್ಕ್ ಹಾಕಿದರೂ ಇನ್‌ಸ್ಟಾಲ್ ಆಗಬೇಕು, ಅಪ್‌ಡೇಟ್ ಕೂಡ ಬರುತ್ತದೆ. ಆದರೆ ಹೆಚ್ಚಿನ ಆಟಗಳಲ್ಲಿ ಮುಖ್ಯ ಭಾರ ಡಿಸ್ಕಿನಲ್ಲೇ ಬಂದಿರುತ್ತದೆ. ಪಿಸಿಯಲ್ಲಿ ಡಿಸ್ಕ್ ಕಾಲ ಮುಗಿದೇ ಹೋಯಿತು. ಅಲ್ಲಿ ಬೇರೆ ದಾರಿ ಇದೆ. ಇಬ್ಬರ ಹತ್ತಿರವೂ ಅದೇ ಆಟ ಇದ್ದು, ಸ್ಟೀಮ್‌ನಲ್ಲಿ ಪರಸ್ಪರ ಫ್ರೆಂಡ್ ಆಗಿದ್ದರೆ, ಒಂದೇ ರೌಟರಿಗೆ ಜೋಡಿಸಿ ಒಂದು ಪಿಸಿಯಿಂದ ಇನ್ನೊಂದಕ್ಕೆ ನೇರ ಸಾಗಿಸಬಹುದು. ಸೆಟ್ಟಿಂಗ್‌ನ ಡೌನ್‌ಲೋಡ್ ವಿಭಾಗದಲ್ಲಿ ಅದನ್ನು ಆನ್ ಮಾಡಬೇಕು. ಇಂಟರ್ನೆಟ್ಟಿನ ಮೇಲೆ ಭಾರವೇ ಬೀಳುವುದಿಲ್ಲ. ತಮ್ಮನ ಗೆಳೆಯ ಕುಮಟಾದಿಂದ ಬರುವಾಗ ಲ್ಯಾಪ್‌ಟಾಪ್ ತರುತ್ತಾನೆ, ಇಬ್ಬರೂ ಊಟ ಮುಗಿಸಿ ಬರುವಷ್ಟರಲ್ಲಿ ಆಟ ಬಂದಿರುತ್ತದೆ.

ಹೊಸ ಆಟ ಎಲ್ಲಿ ಮೊದಲು ಬರುತ್ತದೆ

ನೀವು ನಿಜವಾಗಿ ಆಡಬೇಕು ಅಂದುಕೊಂಡ ಐದು ಆಟಗಳ ಹೆಸರು ಬರೆಯಿರಿ. ಯೂಟ್ಯೂಬಿನಲ್ಲಿ ನೋಡಿ ಚೆಂದ ಅನಿಸಿದ್ದನ್ನಲ್ಲ, ನೀವು ಆಡುವಂಥದ್ದನ್ನು.

ರಾಕ್‌ಸ್ಟಾರ್ ಅನ್ನುವ ಜಿಟಿಎ ಆಟ ಮಾಡುವ ಕಂಪನಿ ಹೆಚ್ಚಾಗಿ ಕನ್ಸೋಲಿಗೆ, ಅಂದರೆ ಪಿಎಸ್5ನಂಥ ಆಟದ ಪೆಟ್ಟಿಗೆಗೆ, ಮೊದಲು ಕೊಡುತ್ತದೆ. ಜಿಟಿಎ 5 2013ರ ಸೆಪ್ಟೆಂಬರ್‌ನಲ್ಲಿ ಕನ್ಸೋಲಿಗೆ ಬಂತು, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ರೆಡ್ ಡೆಡ್ ರಿಡೆಂಪ್ಶನ್ 2ಕ್ಕೆ ಪಿಸಿಯವರು ಒಂದು ವರ್ಷ ಕಾದರು. ಜಿಟಿಎ 6ಕ್ಕೆ 2025ರ ನವೆಂಬರ್‌ನಲ್ಲಿ ಅವರು ಕೊಟ್ಟ ದಿನ 2026 ನವೆಂಬರ್ 19, ಅದೂ ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ. ಸೋನಿಯ ಹೆಚ್ಚಿನ ಆಟಗಳೂ ಹೀಗೇ. ಗಾಡ್ ಆಫ್ ವಾರ್ ರ‍್ಯಾಗ್ನರಾಕ್ 2022ರ ನವೆಂಬರ್‌ನದು, ಪಿಸಿಗೆ ಬಂದಿದ್ದು 2024ರ ಸೆಪ್ಟೆಂಬರ್‌ನಲ್ಲಿ. ತಡವಾಗಿ ಬಂದರೂ ಚೆನ್ನಾಗಿಯೇ ಬರುತ್ತದೆ ಅನ್ನುವ ಹಾಗಿಲ್ಲ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 2023ರಲ್ಲಿ ಪಿಸಿಗೆ ಬಂದಾಗ ಶುರುವಿನಲ್ಲಿ ತುಂಬಾ ತಡವರಿಸುತ್ತಿತ್ತು, ಅಪ್‌ಡೇಟುಗಳು ಬಂದ ಮೇಲೆ ಸರಿಯಾಯಿತು. ಅದಕ್ಕೇ ಪಿಸಿಯಲ್ಲಿ ನಾನು ಮೊದಲ ದಿನವೇ ಕೊಳ್ಳುವುದಿಲ್ಲ, ಒಂದು ತಿಂಗಳು ಕಾಯುತ್ತೇನೆ. ಕೊಂಡ ಮೇಲೂ ಸ್ಟೀಮ್‌ನಲ್ಲಿ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಇದು ನನಗೆ ಬಹಳ ಹಿಡಿಸಿದ ನಿಯಮ.

ಇನ್ನೊಂದು ಕಡೆ ನೋಡಿ. ಬಾಲ್ಡರ್ಸ್ ಗೇಟ್ 3 ಪಿಸಿಗೇ ಒಂದು ತಿಂಗಳು ಮೊದಲು ಬಂತು. ಕೌಂಟರ್ ಸ್ಟ್ರೈಕ್ 2, ಡೋಟಾ 2 ಪಿಸಿಯಲ್ಲಿ ಮಾತ್ರ. 2025ರಲ್ಲಿ ನಾನು ಅತಿ ಹೆಚ್ಚು ಪ್ರೀತಿಯಿಂದ ಆಡಿದ ಎರಡು ಆಟ, ಕ್ಲೇರ್ ಆಬ್ಸ್ಕರ್ ಮತ್ತು ಹಾಲೋ ನೈಟ್: ಸಿಲ್ಕ್‌ಸಾಂಗ್, ಎರಡೂ ಕಡೆ ಒಂದೇ ದಿನ ಬಂದವು. ಸಿಲ್ಕ್‌ಸಾಂಗ್‌ಗೆ ದೊಡ್ಡ ಗ್ರಾಫಿಕ್ಸ್ ಕಾರ್ಡೂ ಬೇಡ. ನಿಮ್ಮ ಐದರಲ್ಲಿ ಮೂರು ಇಂಥವೇ ಆಗಿದ್ದರೆ ಆಟದ ಕಾರಣಕ್ಕೆ ಜಗಳ ಬೇಡ, ಮನೆ ನೋಡಿ ಆರಿಸಿ.

ದುಡ್ಡು

ಪಿಎಸ್5 ಸ್ಲಿಮ್ 2024ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದಾಗ ಡಿಸ್ಕ್ ಇರುವುದಕ್ಕೆ 54,990, ಇಲ್ಲದ್ದಕ್ಕೆ 44,990 ರೂಪಾಯಿ ಇತ್ತು. ಈಗಿನ ಬೆಲೆ ಅಂಗಡಿಯಲ್ಲಿ ಕೇಳಿಕೊಳ್ಳಿ. ನಮ್ಮ ಪಿಸಿಗೆ, ಮಾನಿಟರ್ ಬಿಟ್ಟು, ಎಲ್ಲ ಸೇರಿ 72,000 ಆಗಿತ್ತು. ಈಗ ಅದೇ ಸಾಮಾನಿಗೆ ಜಾಸ್ತಿ ಆಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ, ಎಐ ಡೇಟಾ ಸೆಂಟರ್‌ಗಳೇ ಮೆಮೊರಿ ಚಿಪ್‌ಗಳನ್ನು ಎತ್ತಿಕೊಳ್ಳುತ್ತಿವೆ.

ಆದರೆ ಪೆಟ್ಟಿಗೆ ಕೊಂಡ ಮೇಲೆ ಲೆಕ್ಕ ತಿರುಗುತ್ತದೆ. ಪಿಎಸ್5ನಲ್ಲಿ ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್ ಆಡಲು ಪಿಎಸ್ ಪ್ಲಸ್ ಬೇಕು, ಪಿಸಿಯಲ್ಲಿ ಬೇಡ. ಸ್ಟೀಮ್‌ನ ಚಳಿಗಾಲದ ಸೇಲ್ ಡಿಸೆಂಬರ್‌ನಲ್ಲಿ, ನಮ್ಮಲ್ಲಿ ಅಡಿಕೆ ಗೊನೆ ಕೊಯ್ಯುವ ಹೊತ್ತಿಗೇ ಬರುತ್ತದೆ. ಅಡಿಕೆ ಸುಲಿದ ದುಡ್ಡಿನಲ್ಲಿ ತಮ್ಮ ವರ್ಷಕ್ಕಾಗುವಷ್ಟು ಆಟ ಕೊಳ್ಳುತ್ತಾನೆ. ಡಿಸ್ಕಿನ ಲಾಭ ಬೇರೆ ಥರ, ಆಡಿ ಮುಗಿಸಿ ಮಾರಬಹುದು, ಕೊಟ್ಟು ತಗೊಳ್ಳಬಹುದು.

ಕಾರವಾರದಲ್ಲಿ ನೌಕಾನೆಲೆ, ಕೈಗಾ ಅಂತ ಹೊರಗಿನಿಂದ ಕೆಲಸಕ್ಕೆ ಬಂದವರು ತುಂಬಾ. ವರ್ಗವಾದಾಗ ಸಾಮಾನು ಮಾರುತ್ತಾರೆ. ನನ್ನ ಪಿಎಸ್5 ಸಿಕ್ಕಿದ್ದು ಹಾಗೇ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅವರ ಮನೆಯಲ್ಲೇ ಅರ್ಧ ಗಂಟೆ ಆಡಿ. ಡಿಸ್ಕ್ ಹಾಕಿ ತೆಗೆಯಿರಿ. ನಿಮ್ಮ ಅಕೌಂಟಿನಲ್ಲಿ ಲಾಗಿನ್ ಆಗಿ ಆನ್‌ಲೈನ್ ಹೋಗುತ್ತದಾ ನೋಡಿ. ಕಂಟ್ರೋಲರಿನ ಕೋಲು ಮುಟ್ಟದೆ ಬಿಟ್ಟಾಗ ಪಾತ್ರ ತಾನೇ ನಡೆಯುತ್ತಿದ್ದರೆ ಬೆಲೆ ಇಳಿಸಲು ಹೇಳಿ. ಕೊನೆಗೆ ಟಾರ್ಚ್ ಹಿಡಿದು ಎಚ್‌ಡಿಎಂಐ ಪೋರ್ಟ್ ಮತ್ತು ಕಾಣುವ ಸ್ಕ್ರೂಗಳನ್ನು ನೋಡಿ. ಸ್ಕ್ರೂಗೆ ತುಕ್ಕು ಹಿಡಿದಿದ್ದರೆ ಒಳಗೂ ಹಿಡಿದಿರುತ್ತದೆ, ಎಷ್ಟೇ ಅಗ್ಗವಾದರೂ ಬೇಡ.

ಮನೆಯಲ್ಲಿ ಟಿವಿ ಒಂದೇ ಇದೆಯಾ ಅನ್ನುವುದನ್ನೂ ಯೋಚಿಸಿ. ನಮ್ಮ ತವರಿನಲ್ಲಿ ಸಂಜೆ ಏಳರಿಂದ ಟಿವಿ ಆಯಿಯದು. ಅಲ್ಲಿ ಪಿಎಸ್5 ಇಟ್ಟಿದ್ದರೆ ದಿನಾ ಮನಸ್ತಾಪ ಆಗುತ್ತಿತ್ತು. ಮೆತ್ತಿನ ಮೇಲಿನ ಪಿಸಿಗೆ ಯಾರ ತಕರಾರೂ ಇಲ್ಲ. ಕಾರವಾರದಲ್ಲಿ ನಾವಿಬ್ಬರೇ. ಊಟದ ಮೇಲೆ ನನ್ನ ಗಂಡನೂ ನಾನೂ ಒಂದೇ ಸೋಫಾದಲ್ಲಿ ಕೂತು ಸ್ಪ್ಲಿಟ್ ಫಿಕ್ಷನ್ ಆಡಿ ಮುಗಿಸಿದೆವು. ಇಬ್ಬರು ಸೇರಿಯೇ ಆಡಬೇಕಾದ ಆಟ ಅದು. ಅವರು ಅದಕ್ಕೆ ಮುಂಚೆ ಕಂಟ್ರೋಲರ್ ಹಿಡಿದವರೇ ಅಲ್ಲ.

ಚಿಕ್ಕಮ್ಮನ ಮಗ ಒಂದು ವಾರ ಬಿಟ್ಟು ಚೀಟಿಯ ಫೋಟೋ ಕಳಿಸಿದ. ಏಳು ದಿನಕ್ಕೆ ಮೂವತ್ತೊಂದು ಗೀಟು, ಇನ್ನೂ ಮಳೆಗಾಲ ಶುರುವಾಗಿಲ್ಲ. ಫೈಬರ್ ಇದೆ. ಐದು ಆಟಗಳಲ್ಲಿ ನಾಲ್ಕು ಪಿಸಿಯಲ್ಲೂ ಸಿಗುತ್ತವೆ, ಐದನೆಯದು ಜಿಟಿಎ 6. ಜೊತೆಗೆ, ಅವನು ಮೊದಲು ಹೇಳದೇ ಇದ್ದ ಮಾತು, ಓದಲು ಹುಬ್ಬಳ್ಳಿಯ ಹಾಸ್ಟೆಲಿಗೆ ಹೊರಟಿದ್ದಾನೆ. ಹಾಗಾದರೆ ಎರಡೂ ಬೇಡ, ಗೇಮಿಂಗ್ ಲ್ಯಾಪ್‌ಟಾಪ್ ತಗೋ ಅಂದೆ. ಬ್ಯಾಟರಿಯಲ್ಲಿ ಆಟದ ವೇಗ ಇಳಿಯುತ್ತದೆ, ಆದರೆ ಕರೆಂಟು ಹೋದರೆ ಸೇವ್ ಹೋಗುವುದಿಲ್ಲ. ಅದರೊಳಗೇ ಯುಪಿಎಸ್ ಇದ್ದ ಹಾಗೆ. ಓದಿಗೂ ಆಯಿತು. ಮುಂದಿನ ಭಾನುವಾರ ಇಬ್ಬರೂ ಹುಬ್ಬಳ್ಳಿಗೆ ಹೋಗುತ್ತಿದ್ದೇವೆ. ಜಿಟಿಎ 6 ಬಂದಾಗ ಕೋಡಿಬಾಗಕ್ಕೆ ಬಾ ಅಂದಿದ್ದೇನೆ. ನವೆಂಬರ್ ಅಲ್ವಾ, ಅಷ್ಟು ಹೊತ್ತಿಗೆ ಮಳೆಯೂ ಬಿಟ್ಟಿರುತ್ತದೆ.